ಬ್ರೋದ್‌ನಿಂದ ಕರೆ ಬರಲಿಲ್ಲ

ಮಾರ್ಚ್ 2, ಭಾನುವಾರ

ಇವತ್ತು ನನಗೆ ಒಬ್ಬಳು ಗೋರಾನಿ ಸಿಕ್ಕಿದಳು. ಸ್ಕ್ರೀನಿನ ಮೇಲೆ ಅಲ್ಲ, ನಿಜವಾಗಿ, ಲಂಡನ್ನಿನ ಕ್ವೀನ್ಸ್‌ಬರಿ ಸ್ಟೇಷನ್ನಿನ ಹತ್ತಿರ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ತಮ್ಮ ಶಿಶಿರ್. ಅವನು ಮನೆಯಲ್ಲಿರುವ ಎಲ್ಲವನ್ನೂ ಓದುತ್ತಾನೆ, ಕನ್ನಡ ಮಾತ್ರ ಓದಲಾರ. ಅಮ್ಮನಿಗೆ ಬರುತ್ತದೆ, ಆದರೆ ನನ್ನ ಅಕ್ಷರ ನೋಡಿದರೆ ಅವಳಿಗೆ ತಲೆನೋವು. ಮೈಸೂರಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದು ಈಗ ಉಪಯೋಗಕ್ಕೆ ಬಂತು.

ಸ್ನೇಹಿತೆಯರೆಲ್ಲ ಯೂನಿವರ್ಸಿಟಿಗೆ ಹೋಗಿ ಆಯಿತು. ನಾನು ಎ-ಲೆವೆಲ್‌ನಲ್ಲಿ, ಅಂದರೆ ಇಲ್ಲಿನ ಪಿಯುಸಿಯಲ್ಲಿ, ಗ್ರೇಡ್ ಸಾಲದೆ ಮನೆಯಲ್ಲಿ ಕೂತು ಮತ್ತೆ ಪರೀಕ್ಷೆಗೆ ಓದುತ್ತಿದ್ದೇನೆ. ಓದುತ್ತಿದ್ದೇನೆ ಅಂದರೆ ಆನ್‌ಲೈನ್ ಗ್ರೂಪಿನಲ್ಲಿ ಇರುತ್ತೇನೆ. ಗ್ರೂಪಿನ ಹೆಸರು 'ಬಾಲ್ಕನ್ನಿನ ಸಣ್ಣ ಊರುಗಳು'. ಯಾರಾದರೂ ಒಂದು ಹಳೇ ಫೋಟೋ ಹಾಕಿ ಇದು ಯಾವೂರು ಅಂತ ಕೇಳಿದರೆ ಮೊದಲು ಉತ್ತರ ಕೊಡುವವಳು ನಾನು. ಎರಡು ವರ್ಷದ ಹಿಂದೆ ನಕ್ಷೆಯ ಆಟವೊಂದು ನನ್ನನ್ನು ಪ್ರಿಜ್ರೆನ್‌ನ ಕಲ್ಲಿನ ಸೇತುವೆಯ ಮೇಲೆ ಇಳಿಸಿತು. ಅವತ್ತಿನಿಂದ ನಾನು ಕೊಸೊವೊ ಬಿಟ್ಟು ಈಚೆ ಬಂದಿಲ್ಲ. ಅಲ್ಲಿಗೆ ಹೋಗಿಯೂ ಇಲ್ಲ. ನಮ್ಮ ಕಲಬುರಗಿ ಜಿಲ್ಲೆಯಷ್ಟಿರುವ ದೇಶ. ಹೆಚ್ಚಿನವರು ಅಲ್ಬೇನಿಯನ್ನರು, ಜೊತೆಗೆ ಸರ್ಬರು, ತುರ್ಕರು, ಬೋಸ್ನಿಯಾಕರು, ರೋಮಾಗಳು, ಅಶ್ಕಲಿಗಳು. ತುರ್ಕರು ಟೊಮೆಟೊ ಬೆಳೆಯುವ ಮಾಮುಶಾ ಅಂತ ಒಂದು ಊರು, ಕ್ರೊಯೇಷಿಯನ್ನರು ಬಿಟ್ಟುಹೋಗಿ ಖಾಲಿಯಾದ ಯಾನ್ಯೆವೊ ಅಂತ ಇನ್ನೊಂದು. ದಕ್ಷಿಣದ ತುದಿಯಲ್ಲಿ, ಬೆಟ್ಟದ ಮೇಲೆ, ಗೋರಾನಿಗಳು. ನಮ್ಮ ಉಡುಪಿಯವರು ಊರೂರಲ್ಲಿ ಹೋಟೆಲ್ ಇಟ್ಟ ಹಾಗೆ ಇವರು ಊರೂರಲ್ಲಿ ಸಿಹಿ ಅಂಗಡಿ ಇಟ್ಟವರು.

ಅಮ್ಮ ಕೊತ್ತಂಬರಿ ತರಲು ಕಳಿಸಿದ್ದಳು. ಪಕ್ಕದಲ್ಲಿ ಹೊಸದಾಗಿ ತೆರೆದ ಸಿಹಿ ಅಂಗಡಿಯಲ್ಲಿ ಒಬ್ಬಳು ಹುಡುಗಿ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಳು. ಅವಳ ಬಾಯಿಂದ ಗೋರಾನಿಗಳ ಬೆಟ್ಟದ ಒಂದು ಊರಿನ ಹೆಸರು ಬಿತ್ತು. ನನ್ನ ಕಾಲು ತಾನಾಗಿ ಒಳಗೆ ಹೋಯಿತು.

"ನೀವು ದ್ರಾಗಾಶ್ ಕಡೆಯವರಾ?" ಅಂದೆ.

ಅವಳು ಫೋನ್ ಕೆಳಗಿಟ್ಟು ನನ್ನನ್ನು ನೋಡಿದಳು. "ನಮ್ಮ ಹುಡುಗರಿಗೇ ದ್ರಾಗಾಶ್ ಎಲ್ಲಿದೆ ಅಂತ ಗೊತ್ತಿರಲ್ಲ. ನಿನಗೆ ಯಾರು ಹೇಳಿದ್ದು?"

"ದ್ರಾಗಾಶ್‌ನಿಂದ ಮೇಲೆ ಹೋದರೆ ಬ್ರೋದ್ ಸಿಗುತ್ತಲ್ಲ, ಹೊಳೆ ಎರಡೂ ಕಡೆ ಮನೆಗಳು..."

"ಆ ಹೊಳೆ ಪಕ್ಕದ ಮನೇಲೇ ನಾನು ಹುಟ್ಟಿದ್ದು," ಅಂದಳು.

ಹೆಸರು ಅಮ್ರಾ, ಇಪ್ಪತ್ತೆರಡು ವರ್ಷ. ಅಂಗಡಿ ಅವಳ ಚಿಕ್ಕಪ್ಪ ಫೆರಿದ್ ಅವರದು. ಇಂಗ್ಲಿಷಿನಲ್ಲೇ ಮಾತಾಡಿದ್ದು, ನಾನಿಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮನೆಗೆ ಓಡಿಬಂದು ಗ್ರೂಪಿನಲ್ಲಿ ಹಾಕಿದೆ: ಮನೆ ಹತ್ತಿರವೇ ಅಸಲಿ ಗೋರಾನಿ ಸಿಕ್ಕಿದ್ದಾಳೆ. ನೂರಾರು ಹೃದಯಗಳು ಬಂದವು. ಕೊತ್ತಂಬರಿ ಮರೆತೇಹೋಗಿತ್ತು.

ಮಾರ್ಚ್ 22, ಶನಿವಾರ

ಶನಿವಾರ, ಭಾನುವಾರ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಗುಜರಾತಿ ಆಂಟಿಯರು ಪ್ರತಿಯೊಂದಕ್ಕೂ "ಇದರಲ್ಲಿ ಮೊಟ್ಟೆ ಇದೆಯಾ" ಅಂತ ಕೇಳುತ್ತಾರೆ. ಫೆರಿದ್ ಅಂಕಲ್‌ಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವಂತೆ. ಈಗ ಆ ಇಲಾಖೆ ನನ್ನದು. ಪದರ ಪದರದ ಬಕ್ಲಾವಾದಲ್ಲಿ ಇಲ್ಲ, ಟುಲುಂಬಾದಲ್ಲಿ ಇದೆ. ಟುಲುಂಬಾ ಅಂದರೆ ಕರಿದು ಪಾಕದಲ್ಲಿ ಅದ್ದಿದ ಬೆರಳುದ್ದದ ಸಿಹಿ.

ಇವತ್ತು ಅಮ್ಮ ಬಂದಳು, ನಾನು ಯಾರ ಜೊತೆ ಇದ್ದೇನೆ ಅಂತ ಪರೀಕ್ಷಿಸಲು. ಅಮ್ಮ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ಪರೀಕ್ಷಿಸುವುದು ಅಭ್ಯಾಸ. ಅಮ್ರಾಳನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಿವಿಯಲ್ಲಿ, "ಯಾವ ಪೈಕಿಯವರೇ ಇವರು?" ಅಂದಳು.

"ಅಮ್ಮ, ಹಾಗೆಲ್ಲ ಕೇಳಬಾರದು."

"ಏನು ಕೇಳ್ತಿದಾರೆ ನಿಮ್ಮಮ್ಮ?" ಅಂದಳು ಅಮ್ರಾ.

ನಾನು ನುಣುಚಿಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ. ಹೇಳಿದಾಗ ನಕ್ಕಳು. "ನಮ್ಮಜ್ಜಿನೂ ಮೊದಲು ಅದನ್ನೇ ಕೇಳೋದು. ನಾವು ನಮ್ಮೋರು ಅಂತ ಹೇಳಿಬಿಡು." ಗೋರಾನಿಗಳು ತಮ್ಮನ್ನು ಕರೆದುಕೊಳ್ಳುವುದೇ ಹಾಗೆ, ನಮ್ಮೋರು ಅಂತ.

ಅಮ್ರಾಳ ಮದುವೆಯ ವಿಷಯವೂ ಇವತ್ತೇ ಗೊತ್ತಾಯಿತು. ಹುಡುಗ ಸಾಮಿರ್, ಪಕ್ಕದ ಊರು ರೆಸ್ತೆಲಿತ್ಸಾದವನು, ಆಸ್ಟ್ರಿಯಾದಲ್ಲಿ ಕೆಲಸ. ಜುಲೈನಲ್ಲಿ ಬ್ರೋದ್‌ನಲ್ಲಿ ಮದುವೆ. ದುಡಿಯಲು ಹೋದವರೆಲ್ಲ ಬೇಸಿಗೆಗೆ ಊರಿಗೆ ಬರುವುದರಿಂದ ಮದುವೆಗಳೆಲ್ಲ ಆಗಲೇ. ಡೋಲು, ಶಹನಾಯಿಯಂಥ ಜುರ್ಲಾ, ಓಣಿ ತುಂಬ ಕುಣಿತ. ನಾನು ಇಂಥ ವಿಡಿಯೋ ಎಷ್ಟು ನೋಡಿದ್ದೇನೋ. ಅಮ್ರಾ ಆಮೇಲೆ ಲಂಡನ್ನಿಗೆ ಬರುವುದಿಲ್ಲ, ಗಂಡನ ಜೊತೆ ಹೋಗುತ್ತಾಳೆ.

ಅಂದರೆ ನನಗೆ ಬ್ರೋದ್ ತೋರಿಸುವವಳು ಇರುವುದು ಇದೊಂದೇ ಬೇಸಿಗೆ. ಅವಳು ಕರೆದರೆ ಹೋಗಬೇಕು. ದುಡ್ಡು ಕೂಡಿಸುತ್ತೇನೆ. ಅವಳು ಕರೆಯಲಿ ದೇವರೇ.

ಏಪ್ರಿಲ್ 11, ಶುಕ್ರವಾರ

ಅಮ್ರಾ ತನ್ನ ಅಜ್ಜಿಯ ಮದುವೆಯ ಫೋಟೋ ಕಳಿಸಿದ್ದಳು. ಎದೆಯ ಮೇಲೆ ಸಾಲು ನಾಣ್ಯ, ತಲೆಗೆ ಹೂವಿನ ಕಟ್ಟು, ನೆಲ ನೋಡುತ್ತಿರುವ ಹದಿನೇಳರ ಹುಡುಗಿ. ನೋಡುತ್ತಾ ನೋಡುತ್ತಾ ಕೈ ತಡೆಯಲಿಲ್ಲ, ಗ್ರೂಪಿನಲ್ಲಿ ಹಾಕಿದೆ. ಮುನ್ನೂರು ಕಾಮೆಂಟ್. ಒಬ್ಬ ಇದು ಬಲ್ಗೇರಿಯಾದ್ದು ಅಂದ. ಇನ್ನೊಬ್ಬ ಸರ್ಬಿಯಾ, ಮಗದೊಬ್ಬ ಮ್ಯಾಸಿಡೋನಿಯಾ. ಅಲ್ಬೇನಿಯನ್ ಒಬ್ಬ ಹೊಲಿಗೆಗೆ ಬಾಣದ ಗುರುತು ಹಾಕಿ ವಾದಿಸಿದ. ಬೋಸ್ನಿಯಾದವರು ಆಮೇಲೆ ಬಂದರು. ನಾನು ಮೂಲ ತೆಗೆದು ತೆಗೆದು ಉತ್ತರ ಕೊಟ್ಟೆ. ಇಡೀ ದಿನ ಊಟ ಮರೆತೆ. ನನ್ನ ಅತ್ಯುತ್ತಮ ಪೋಸ್ಟ್ ಇದು.

ಏಪ್ರಿಲ್ 13, ಭಾನುವಾರ

ಮಿಲಾನಿನಲ್ಲಿರುವ ಯಾರೋ ಸಂಬಂಧಿಕರು ಅದನ್ನು ಅಮ್ರಾಗೆ ಕಳಿಸಿದ್ದಾರೆ.

ಅವಳು ಕೂಗಾಡಲಿಲ್ಲ. ಟ್ರೇ ಒರೆಸುತ್ತಾ ಹೇಳಿದಳು. "ನಿನ್ನ ಗುಂಪಿನವರು ನಮ್ಮಜ್ಜಿಗೆ ಐದು ದೇಶ ಕೊಟ್ಟಿದಾರೆ. ಹೆಸರು ಒಬ್ಬರೂ ಕೇಳಲಿಲ್ಲ."

"ಸಾರಿ. ತೆಗೀತೀನಿ."

"ತೆಗಿ. ಅವರ ಹೆಸರು ಜುಮ್ರಾ. ನಿನಗೂ ಗೊತ್ತಿರಲಿಲ್ಲ."

ನಿಜ, ನನಗೂ ಗೊತ್ತಿರಲಿಲ್ಲ. ತೆಗೆದೆ. ಆಮೇಲೆ ಅವಳು ಎಂದಿನ ಹಾಗೆಯೇ ಇದ್ದಳು, ಚಹಾ ಕೊಟ್ಟಳು. ಅದೇ ಹೆಚ್ಚು ಕಷ್ಟವಾಯಿತು.

ಮೇ 6, ಮಂಗಳವಾರ

ಫೆರಿದ್ ಅಂಕಲ್ ಬೆಳಿಗ್ಗೆಯೇ ಫೋನ್ ಮಾಡಿದರು. "ಬಾ, ಏಣಿ ಹತ್ತೋಕೆ ಯಾರೂ ಇಲ್ಲ." ಇವತ್ತು ಅವರ ಜೂರ್ಜೆವ್‌ದೆನ್, ವಸಂತದ ಹಬ್ಬ. ಸಂತ ಜಾರ್ಜನ ಹಬ್ಬ ಅನ್ನುತ್ತಾರೆ, ಮುಸ್ಲಿಮರಾದ ಗೋರಾನಿಗಳೂ ಬಿಡದೆ ಮಾಡುತ್ತಾರೆ. ಅಮ್ರಾ ಎಲ್ಲಿಂದಲೋ ವಿಲ್ಲೋ ಮರದ ಕೊಂಬೆ ಕಡಿದು ತಂದಿದ್ದಳು. ನಾನು ಏಣಿ ಹತ್ತಿ ಅಂಗಡಿಯ ಬಾಗಿಲಿಗೆ ಕಟ್ಟಿದೆ. ಮಾವಿನೆಲೆ ತೋರಣ ಕಟ್ಟಿ ಅಭ್ಯಾಸವಿದ್ದ ಕೈ, ಗಂಟು ಚೆನ್ನಾಗಿ ಬಿತ್ತು. ಅಂಕಲ್ ಕೆಳಗಿಂದ "ಎಡಕ್ಕೆ, ಎಡಕ್ಕೆ, ಕಣ್ಣಿಲ್ವಾ" ಅಂತ ಬೈಯುತ್ತಲೇ ಇದ್ದರು. ಗಿರಾಕಿಗಳಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ, ನನಗೆ ಬರೀ ಬೈಗುಳ.

ಫೋಟೋದ ವಿಷಯ ಅವರಿಗೂ ಗೊತ್ತಿರಬೇಕು.

ಮೇ 24, ಶನಿವಾರ

ಮದುವೆಗೆ ಕರೆಯುವುದು ಶುರುವಾಗಿದೆ. ಅಂಕಲ್ ಕೋಟು ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ, ಒಂದೊಂದು ಮನೆಗೆ ಒಂದೊಂದು ಬಕ್ಲಾವಾ ಡಬ್ಬಿ. ವೆಂಬ್ಲಿಯಲ್ಲಿರುವ ಪ್ರಿಜ್ರೆನ್‌ನ ಕ್ಷೌರಿಕ, ಎಜ್‌ವೇರಿನಲ್ಲಿರುವ ಬೋಸ್ನಿಯಾದ ಡಾಕ್ಟರು, ಅಂಗಡಿಗೆ ಹಾಲು ಹಾಕುವವರು. ಡಬ್ಬಿಗೆ ರಿಬ್ಬನ್ ಕಟ್ಟುವುದು ನಾನು. ಕಟ್ಟಿದ್ದನ್ನೆಲ್ಲ ಅಮ್ರಾ ಎತ್ತಿ ಕಾರಿಗಿಡುತ್ತಿದ್ದಳು. ನಮ್ಮ ಮನೆಗೆ ಅಂತ ಒಂದು ಉಳಿಯಬಹುದು ಅಂತ ಕೊನೆಯವರೆಗೂ ನೋಡಿದೆ. ಉಳಿಯಲಿಲ್ಲ.

ಅಮ್ಮ ರಾತ್ರಿ ಊಟಕ್ಕೆ ಬಡಿಸುತ್ತಾ, "ಕರೆದ್ರಾ?" ಅಂದಳು.

"ಇನ್ನೂ ಟೈಮ್ ಇದೆ."

"ಮನೆಗೆ ಬಂದು ಕರೀಲಿ. ಬಾಯಿಮಾತಲ್ಲಿ ಬಾ ಅಂದ್ರೂ ಅದು ಅರ್ಧ ಕರೆದ ಹಾಗೆ. ನಮ್ಮಲ್ಲಿ ಅಕ್ಷತೆ ಇಟ್ಟು ಕರೀದೆ ಯಾರಾದ್ರೂ ಹೋಗ್ತಾರಾ?"

ಅಪ್ಪ ಮೊಬೈಲಿನಿಂದ ತಲೆಯೆತ್ತಿ, "ನೀನೇ ಹೋಗಿ ಕೇಳಮ್ಮ," ಅಂದರು.

"ಮದುವೆಗೆ ಬರ್ಲಾ ಅಂತ ಕೇಳೋದಾ?" ಅಂದಳು ಅಮ್ಮ. "ಮಾನ ಬೇಡ್ವಾ?"

ಅಪ್ಪ ಮತ್ತೆ ಮೊಬೈಲಿಗೆ ಹೋದರು.

ಜೂನ್ 7

ಇಲ್ಲ.

ಜೂನ್ 14, ಶನಿವಾರ

ಅಮ್ರಾ ನನ್ನ ಪಾದಕ್ಕೆ ದಾರ ಹಿಡಿದು ಅಳತೆ ತಗೊಂಡಳು. ಅಜ್ಜಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾರಂತೆ, ಮದುವೆಯಲ್ಲಿ ಹೆಂಗಸರಿಗೆ ಕೊಡಲು. ಯಾರದೋ ಕಾಲು ನನ್ನಷ್ಟೇ ಇರಬೇಕು. ನನಗೆ ಯಾರದ್ದು ಅಂತ ಕೇಳಲು ಮನಸ್ಸಾಗಲಿಲ್ಲ.

ಪರೀಕ್ಷೆಗಳು ನಡೆಯುತ್ತಿವೆ. ಕೆಮಿಸ್ಟ್ರಿ ಪರವಾಗಿಲ್ಲ.

ಜೂನ್ 28, ಶನಿವಾರ

ಅಂಕಲ್ ಹೇಳಿದರು: "ಜುಲೈ ಮಧ್ಯದಿಂದ ಅಂಗಡಿ ಮುಚ್ತೀವಿ. ಬೇರೆ ಕೆಲಸಗಿಲಸ ಹಿಡೀಬೇಡ, ಖಾಲಿ ಇಟ್ಕೋ." ಅಂದರೆ ನನ್ನನ್ನು ಬಿಡಿಸುತ್ತಿದ್ದಾರೋ, ಆಗಸ್ಟಿಗೆ ಮತ್ತೆ ಬಾ ಅನ್ನುತ್ತಿದ್ದಾರೋ ತಿಳಿಯಲಿಲ್ಲ. ಸರಿ ಅಂದೆ.

ಗ್ರೂಪಿನಲ್ಲಿ ಯಾರೋ ರಾಜಧಾನಿ ಪ್ರಿಷ್ಟಿನಾದಿಂದ ಬ್ರೋದ್‌ಗೆ ಹೇಗೆ ಹೋಗುವುದು ಅಂತ ಕೇಳಿದ್ದಾರೆ. ಪ್ರಿಜ್ರೆನ್‌ಗೆ ಬಸ್ಸು, ಅಲ್ಲಿಂದ ದ್ರಾಗಾಶ್‌ಗೆ ವ್ಯಾನು, ಆಮೇಲೆ ಸಿಕ್ಕಿದ ಕಾರು. ಬರೆದು ಕಳಿಸಿದೆ. ಯಾರೋ ಅಪರಿಚಿತ ಹೋಗಿ ಬರುತ್ತಾನೆ.

ಜುಲೈ 17, ಗುರುವಾರ

ಕೊನೆಯ ದಿನ. ಫ್ರಿಡ್ಜು ಖಾಲಿ ಮಾಡಿ, ಟ್ರೇ ತೊಳೆದು, ಬಾಗಿಲಿಗೆ ಕಾಗದ ಅಂಟಿಸಿದೆವು. ಅಂಕಲ್ ಏನೋ ಅಂದರು, ಅವರ ಭಾಷೆಯಲ್ಲಿ. ಅಮ್ರಾ ನಕ್ಕು ನನಗಾಗಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು: "ಇವಳಿಗೆ ದಾರಿ ಹೇಳ್ಕೊಡಬೇಕಾ? ನಮಗಿಂತ ಚೆನ್ನಾಗಿ ಗೊತ್ತು."

ಕುಟುಕಿದ್ದು ಸರಿಯಾಗಿಯೇ ತಾಗಿತು. ಎಲ್ಲಾ ದಾರಿ ಗೊತ್ತು, ಎಲ್ಲಿಗೂ ಹೋಗದವಳು.

ಅವಳು ತಬ್ಬಿಕೊಳ್ಳಲೂ ಇಲ್ಲ. ನಾಳೆ ಬೆಳಿಗ್ಗೆ ನೋಡುವವರ ಹಾಗೆ ಕೈ ಬೀಸಿ ಹೋದಳು. ನಾನು ಉಡುಗೊರೆಗೆ ಅಂತ ತೆಗೆದಿಟ್ಟಿದ್ದ ಮೈಸೂರು ರೇಷ್ಮೆಯ ಸ್ಟೋಲು ಚೀಲದಲ್ಲೇ ವಾಪಸ್ ಬಂತು. ಕರೆಯದವರಿಗೆ ಉಡುಗೊರೆ ಕೊಟ್ಟರೆ ಕರೆ ಕೇಳಿದ ಹಾಗೆ ಆಗುತ್ತದಲ್ಲ. ಇದು ಅಮ್ಮನ ಮಾತೋ ನನ್ನದೋ ಗೊತ್ತಾಗುತ್ತಿಲ್ಲ.

ಜುಲೈ 26, ಶನಿವಾರ

ಮದುವೆಯ ದಿನ. ಬೆಳಿಗ್ಗೆಯಿಂದ ಅಮ್ರಾಳ ಮಿಲಾನಿನ ಸಂಬಂಧಿ ಲೈವ್ ಹಾಕುತ್ತಿದ್ದಳು. ನಾನು ಮಂಚದ ಮೇಲೆ ಕೂತು ನೋಡುತ್ತಿದ್ದೆ. ಡೋಲು ಬರುವ ಓಣಿ ನನಗೆ ಗೊತ್ತು, ಎಡಕ್ಕೆ ತಿರುಗಿದರೆ ಮಸೀದಿ, ಬಲಕ್ಕೆ ಇಳಿದರೆ ಹೊಳೆ. ಪ್ರತಿ ಕಲ್ಲೂ ನೋಡಿದ ಹಾಗಿತ್ತು. ಅಮ್ರಾ ಒಂದೇ ಒಂದು ಸಲ ಕಾಣಿಸಿದಳು. ಅಜ್ಜಿಯ ಫೋಟೋದಲ್ಲಿದ್ದ ಹಾಗೆಯೇ ನಾಣ್ಯ, ಆದರೆ ನೆಲ ನೋಡುತ್ತಿರಲಿಲ್ಲ. ಯಾರನ್ನೋ ಹುಡುಕುತ್ತಿದ್ದಳು.

ಮಧ್ಯಾಹ್ನ ಫೋನ್ ಬಂತು. ಅಂಕಲ್. ಹಿಂದೆ ಡೋಲಿನ ಸದ್ದು, ಅವರು ಕೂಗುತ್ತಿದ್ದರು.

"ಎಲ್ಲಿದ್ದೀಯ? ದ್ರಾಗಾಶಾ? ಕಾರು ಕಳಿಸ್ಲಾ?"

"ಮನೇಲಿ ಇದ್ದೀನಿ ಅಂಕಲ್."

"ಯಾರ ಮನೇಲಿ?"

"ನಮ್ಮ ಮನೇಲಿ. ಲಂಡನ್ನಲ್ಲಿ."

ಡೋಲು ಮಾತ್ರ ಕೇಳಿಸುತ್ತಿತ್ತು. ಅವರು ಎಲ್ಲೋ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು ಅನ್ನಿಸುತ್ತದೆ, ಸದ್ದು ಕಡಿಮೆಯಾಯಿತು.

"ಹುಷಾರಿಲ್ವಾ?"

"ಹಾಗೇನಿಲ್ಲ."

"ಮತ್ತೆ? ನಿನ್ನೆ ಮದರಂಗಿಗೆ ಬರ್ತೀಯ ಅಂತ ಕಾದ್ವಿ. ಇವತ್ತು ಬೆಳಿಗ್ಗೆ ಹುಡುಗೀನ ಹೊರಡಿಸೋಕೆ ತಡ ಮಾಡಿದ್ವಿ. ನಮ್ಮಮ್ಮ ನಿನ್ನ ಹಾಸಿಗೆ ಹಾಸಿಟ್ಟು ಎರಡು ದಿನ ಆಯ್ತು."

ಹೇಳಬಾರದಿತ್ತು, ಹೇಳಿದೆ. "ನೀವು ನನ್ನನ್ನ ಕರೀಲಿಲ್ಲ."

"ಕರೆಯೋದಾ?" ಅಂದರು. "ಕ್ಷೌರಿಕನನ್ನ ಕರೆದೆ. ಡಾಕ್ಟರನ್ನ ಕರೆದೆ. ಅವರು ಹೊರಗಿನವರು, ಕರೀಬೇಕು. ಅಮ್ರಾನ ನಾನು ಕರೆದ್ನಾ? ನನ್ನನ್ನ ಯಾರು ಕರೆದ್ರು? ನಮ್ಮನೇಲಿ ಮನೆಯವರನ್ನ ಕರೆದ್ರೆ ಜಗಳ ಆಗುತ್ತೆ ಮಗಳೇ."

ಹೊರಗೆ ಅವರನ್ನು ಯಾರೋ ಕೂಗಿದರು. ಹೋದರು.

ಲೈವ್ ಮತ್ತೆ ತೆರೆಯಲಿಲ್ಲ.

ಜುಲೈ 27, ಭಾನುವಾರ

ಅಮ್ಮನಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. ಕೊನೆಯದು ಬೆಂದ ಮೇಲೆ ಒಲೆ ಆರಿಸಿ, "ನಮ್ಮ ಅಣ್ಣನ ಮದುವೆಗೆ ನನ್ನನ್ನ ಯಾರೂ ಕರೆದಿರಲಿಲ್ಲ," ಅಂದಳು. "ಕರೆದಿದ್ರೆ ನಾನೇ ಜಗಳ ತೆಗೀತಿದ್ದೆ." ಹಿಟ್ಟಿನ ಕೈಯಲ್ಲೇ ನನ್ನ ತಲೆ ಮುಟ್ಟಿದಳು. ಕೂದಲಲ್ಲಿ ಇನ್ನೂ ಹಿಟ್ಟಿದೆ.

ಆಗಸ್ಟ್ 9, ಶನಿವಾರ

ಅಂಗಡಿ ತೆರೆದಿದೆ. ಹೋಗಲು ಧೈರ್ಯ ಬೇಕಾಯಿತು. ಅಂಕಲ್ ಕತ್ತು ಎತ್ತಲಿಲ್ಲ, ಏಪ್ರನ್ ನನ್ನ ಕಡೆ ಎಸೆದರು. ಗಿರಾಕಿಗಳೆಲ್ಲ ಹೋದ ಮೇಲೆ ಕೇಳಿದರು. "ಇಷ್ಟು ದಿನ ನಮ್ಮನ್ನ ಯಾರು ಅಂದ್ಕೊಂಡು ಕೆಲಸ ಮಾಡ್ತಿದ್ದೆ?"

"ಆ ಫೋಟೋಗೆ ಸಿಟ್ಟು ಬಂದಿದೆ ಅಂದ್ಕೊಂಡೆ."

"ಬಂದಿತ್ತು. ಮನೆಯವರ ಮೇಲೆ ಸಿಟ್ಟು ಬರಲ್ವಾ?" ಟುಲುಂಬಾ ಎಣ್ಣೆಗೆ ಬಿಡುತ್ತಾ ಅಂದರು, "ನಿನಗೆ ಅಂತ ಕುಣಿಯೋ ಸಾಲಲ್ಲಿ ಜಾಗ ಬಿಟ್ಟಿದ್ರು ನಮ್ಮ ಹುಡುಗೀರು. ಚೆನ್ನಾಗಿ ಕುಣೀತೀಯ ಅಂತ ಅಮ್ರಾ ಸುಳ್ಳು ಹೇಳಿದ್ಲು."

ಆಮೇಲೆ ಒಬ್ಬರು ಆಂಟಿ ಬಂದು ಮೊಟ್ಟೆ ಇದೆಯಾ ಅಂದರು. ಇದೆ ಅಂದೆ.

ಆಗಸ್ಟ್ 14, ಗುರುವಾರ

ರಿಸಲ್ಟ್ ಬಂತು. ಕಿಂಗ್‌ಸ್ಟನ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಅಪ್ಪ ಅತ್ತರು, ಯಾರಿಗೂ ಹೇಳಬೇಡ ಅಂದರು. ಅಮ್ರಾಗೆ ಮೆಸೇಜ್ ಮಾಡಿದೆ. ಅವಳು ಒಂದು ಡೋಲಿನ ಚಿತ್ರ ಕಳಿಸಿದಳು, ಬೇರೆ ಏನೂ ಬರೆಯಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ಅಮ್ರಾಳ ವೀಸಾ ಪೇಪರ್ ಇನ್ನೂ ಆಗಿಲ್ಲ. ಸಾಮಿರ್ ಆಸ್ಟ್ರಿಯಾಕ್ಕೆ ವಾಪಸ್ ಹೋಗಿದ್ದಾನೆ, ಅವಳು ಚಳಿಗಾಲದವರೆಗೆ ಊರಿನಲ್ಲೇ. ಸದ್ಯ ಬ್ರೋದ್‌ನಲ್ಲಿ, ಅಜ್ಜಿಯ ಜೊತೆ. ಬೇಸಿಗೆಯ ಜನ ಹೊರಟುಹೋಗಿ ಓಣಿ ಖಾಲಿ, ಬೆಳಿಗ್ಗೆ ಮಂಜು ಎಷ್ಟಿರುತ್ತದೆ ಅಂದರೆ ಎದುರು ದಡದ ಮನೆ ಕಾಣುವುದಿಲ್ಲವಂತೆ. ಅಂಕಲ್ ಫೋನಿನಲ್ಲಿ ಅವಳ ಜೊತೆ ಮಾತಾಡುತ್ತಾರೆ, ನನಗೆ ಕೊಡುವುದಿಲ್ಲ. ನಾನೂ ಕೇಳುವುದಿಲ್ಲ. ಅವಳ ದನಿ ಫೋನಿನಿಂದ ಆಚೆ ಸಣ್ಣಗೆ ಬರುವಾಗ ನಾನು ಸುಮ್ಮನೆ ಡಬ್ಬಿ ಮಡಚುತ್ತಾ ಹತ್ತಿರ ನಿಲ್ಲುತ್ತೇನೆ.

ಗ್ರೂಪಿನಲ್ಲಿ ಒಬ್ಬ ಹೊಸಬ ನನ್ನನ್ನೇ ಹೆಸರು ಹಿಡಿದು ಕೇಳಿದ್ದಾನೆ: ಗೋರಾನಿಗಳು ಅಸಲಿಗೆ ಯಾರು? ಮೂರು ದಿನ ಆಯಿತು. ಏನು ಬರೆಯಬೇಕೋ ತೋಚಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ.

ಅಕ್ಟೋಬರ್ 12, ಭಾನುವಾರ

ಅಂಕಲ್ ಇವತ್ತು ಹೇಳಿದರು, ಅಮ್ರಾಳ ವೀಸಾ ಮುಂದಿನ ತಿಂಗಳು ಆಗಬಹುದಂತೆ. ಗಿರಾಕಿಗೆ ಬಕ್ಲಾವಾ ಕತ್ತರಿಸುತ್ತಿದ್ದೆ. ಒಂದು ತುಂಡು ಓರೆಯಾಯಿತು.

ಅಕ್ಟೋಬರ್ 25, ಶನಿವಾರ

ಮಿಲ್ ಹಿಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಲೂಟನ್ ಏರ್‌ಪೋರ್ಟಿಗೆ ಹೋಗುವ ರೈಲು ಬರಬೇಕು. ಮಧ್ಯಾಹ್ನ ಪ್ರಿಷ್ಟಿನಾಕ್ಕೆ ವಿಮಾನ. ಕಾಲೇಜಿಗೆ ಒಂದು ವಾರ ರಜೆ ಹಾಕಿದ್ದೇನೆ. ಚೀಲದಲ್ಲಿ ಅಮ್ಮ ಮಾಡಿದ ಚಕ್ಕುಲಿ, ಬರಿಗೈಯಲ್ಲಿ ಹೋಗಬೇಡ ಅಂತ.

114 ಬಸ್ಸು ಹತ್ತಿಸಲು ಬಂದಾಗ ಅಮ್ಮ ಏನೂ ಕೇಳಿರಲಿಲ್ಲ. ಈಗ ಫೋನ್ ಮಾಡಿದಳು.

"ಸ್ವೆಟರ್ ಹಾಕ್ಕೊಂಡಿದ್ದೀಯಾ?"

"ಹ್ಞೂಂ."

"ಫೆರಿದ್‌ಗೆ ಹೇಳಿದ್ಯಾ?"

"ಶನಿವಾರ ಬರಲ್ಲ ಅಂತ ಮಾತ್ರ ಹೇಳ್ದೆ."

"ಅಮ್ರಾಗೆ? ಬರ್ತಿದ್ದೀನಿ ಅಂತ ಅವಳಿಗಾದ್ರೂ ಹೇಳಿದ್ದೀಯ ತಾನೇ?"

"ಇಲ್ಲಮ್ಮ."

ಅಮ್ಮನ ಹಿಂದೆ ಕುಕ್ಕರ್ ಒಂದು ಸಲ ಕೂಗಿತು.

"ಹೋದಾಗ ಮನೇಲಿ ಯಾರೂ ಇಲ್ದಿದ್ರೆ ಏನೇ ಮಾಡ್ತೀಯ?"

"ಮೆಟ್ಲ ಮೇಲೆ ಕೂತಿರ್ತೀನಿ," ಅಂದೆ. "ಬರ್ತಾರಲ್ಲ."

ರೈಲು ಬಂತು.